ನೀರು ಬಿದ್ದರೂ ಬಣ್ಣ ಬಿಡದ ಇಂಕು: ಲಿನೋ ಅಚ್ಚಿಗೂ ಮುದ್ರೆಗೂ

ದಾಳಿಂಬೆ ಹಣ್ಣಿನ ಒಂದು ಲಿನೋ ಅಚ್ಚು ಕೆತ್ತಿದ್ದೆ. ಲಿನೋ ಎಂದರೆ ಕೆತ್ತಲು ಮೆತ್ತಗಿರುವ ಲಿನೋಲಿಯಂ ಹಾಳೆ. ಅರ್ಧಕ್ಕೆ ಒಡೆದ ಹಣ್ಣು, ಒಳಗೆ ಒತ್ತೊತ್ತಾಗಿ ಕಾಳು. ಕಪ್ಪು ಗೆರೆಯಲ್ಲಿ 30 ಕಾರ್ಡು ಅಚ್ಚು ಹಾಕಿ ರಾತ್ರಿಯೆಲ್ಲ ಒಣಗಲು ಬಿಟ್ಟೆ. ಬೆಳಿಗ್ಗೆ ಕೆಂಪು ವಾಟರ್ ಕಲರ್ ತುಂಬಲು ಕೂತೆ. ಕುಂಚ ತಾಗಿದ ಕೂಡಲೇ ಕಪ್ಪು ಗೆರೆ ಕರಗಿ ಕೆಂಪಿನೊಳಗೆ ಇಳಿಯಿತು. ಮೂರು ಕಾರ್ಡು ಹಾಳಾದ ಮೇಲೆ ಕುಂಚ ಕೆಳಗಿಟ್ಟೆ. ಟ್ಯೂಬಿನ ಮೇಲೆ ಅಚ್ಚಿನ ಇಂಕು ಎಂದು ಬರೆದಿತ್ತು. ಒಣಗಿದ ಮೇಲೆ ನೀರಿಗೆ ತಡೆಯುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಆ ಎರಡೂ ಬೇರೆ ಬೇರೆ ಮಾತು ಎಂದು ನನಗೆ ಅವತ್ತು ಗೊತ್ತಾಯಿತು.

ಅದೇ ತಿಂಗಳು ಅಕ್ಕನ ಮನೆಯಲ್ಲಿ ಇನ್ನೊಂದು. ಅವಳು ಅಗಸಿ ಚಟ್ನಿಪುಡಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಪೊಟ್ಟಣದ ಮೇಲೆ ಅಂಟಿಸುವ ಚೀಟಿಗೆ ನಾನೇ ರಬ್ಬರಿನಲ್ಲಿ ಮುದ್ರೆ ಕೆತ್ತಿಕೊಟ್ಟಿದ್ದೆ. ಆಫೀಸಿನ ನೇರಳೆ ಸ್ಟಾಂಪ್ ಪ್ಯಾಡಿನಲ್ಲಿ ಒತ್ತಿ 200 ಚೀಟಿ ಮಾಡಿದೆವು. ಒದ್ದೆ ಕೈಯಲ್ಲಿ ಪೊಟ್ಟಣ ಹಿಡಿದವರ ಬೆರಳೆಲ್ಲ ನೇರಳೆ. ಅಂದಿನಿಂದ ಇಂಕಿನ ವಿಷಯ ಬಿಡದೆ ಹಿಡಿದುಕೊಂಡೆ. ನಾಲ್ಕು ವರ್ಷ ಕೊಪ್ಪಳದ ಬಿಸಿಲು, ಮಳೆ, ಧೂಳಿನಲ್ಲಿ ಒತ್ತಿ, ಒದ್ದೆ ಮಾಡಿ, ಉಜ್ಜಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಕು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಅಚ್ಚಿನ ಮೇಲೆ ಬೀಳುವ ನೀರು ಯಾವುದು? ವಾಟರ್ ಕಲರಿನ ಕುಂಚವೋ, ಒದ್ದೆ ಬೆರಳೋ, ಮಳೆ ಹನಿಯೋ, ಬಟ್ಟೆಗೆ ಹಾಕುವ ಸೋಪಿನ ನೀರೋ? ನಾಲ್ಕಕ್ಕೂ ಒಂದೇ ಇಂಕು ಹುಡುಕಿದರೆ ಸುಮ್ನೆ ದುಡ್ಡು ಖರ್ಚು. ನನ್ನ ದಾಳಿಂಬೆಗೆ ಬೇಕಾದ ಇಂಕು ಬೇರೆ, ಅಕ್ಕನ ಚೀಟಿಗೆ ಬೇಕಾದದ್ದು ಬೇರೆ.

ಇಂಕು ನೀರಿಗೆ ಯಾಕೆ ಕರಗುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಇಂಕಿನಲ್ಲಿ ಮುಖ್ಯವಾಗಿ ಎರಡು ಸಾಮಾನು: ಬಣ್ಣ ಮತ್ತು ಅದನ್ನು ಕಾಗದಕ್ಕೆ ಹಿಡಿಸುವ ಅಂಟು. ಬಣ್ಣದಲ್ಲಿ ಎರಡು ಜಾತಿ. ಒಂದು ಬೆಲ್ಲದ ಹಾಗೆ, ನೀರಿನಲ್ಲಿ ಪೂರ್ತಿ ಕರಗುತ್ತದೆ. ಇದನ್ನು ಡೈ ಅನ್ನುತ್ತಾರೆ. ಆಫೀಸಿನ ನೇರಳೆ ಪ್ಯಾಡಿನಲ್ಲಿ ಇರುವುದು ಇದೇ. ಇನ್ನೊಂದು ಕಾಡಿಗೆಯ ಹಾಗೆ, ಸಣ್ಣ ಸಣ್ಣ ಪುಡಿ, ನೀರಿನಲ್ಲಿ ಕರಗುವುದೇ ಇಲ್ಲ. ಇದು ಪಿಗ್ಮೆಂಟ್. ಅಚ್ಚಿನ ಕಪ್ಪು ಇಂಕಿನಲ್ಲಿ ಸಾಮಾನ್ಯವಾಗಿ ಇರುವುದು ಇಂಗಾಲದ ಪುಡಿ, ಅಂದರೆ ಒಂದು ರೀತಿಯ ಕಾಡಿಗೆಯೇ.

ಹಾಗಾದರೆ ನನ್ನ ಕಪ್ಪು ಗೆರೆ ಯಾಕೆ ಕರಗಿತು? ಕರಗಿದ್ದು ಪುಡಿ ಅಲ್ಲ, ಅಂಟು. ಜಾಲಿ ಮರದ ಅಂಟು ಒಣಗಿ ಗಟ್ಟಿಯಾಗುತ್ತದೆ. ಮತ್ತೆ ನೀರಿಗೆ ಹಾಕಿದರೆ ಮೆತ್ತಗಾಗಿ ಕರಗುತ್ತದೆ. ಅಂಥ ಅಂಟಿನ ಇಂಕು ಹತ್ತು ವರ್ಷ ಒಣಗಿದರೂ ನೀರು ಕಂಡ ದಿನ ಏಳುತ್ತದೆ. ಎಣ್ಣೆ ಹಾಗಲ್ಲ. ಅಡುಗೆಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ನೋಡಿ. ಹೊರಗೆ ಸೋರಿದ ಎಣ್ಣೆ ದಿನ ಕಳೆದಂತೆ ಅಂಟಂಟಾಗಿ ಕಂದು ಪದರ ಕಟ್ಟುತ್ತದೆ. ಆಮೇಲೆ ಎಷ್ಟು ನೀರು ಹಾಕಿ ತಿಕ್ಕಿದರೂ ಬಿಡುವುದಿಲ್ಲ, ಅಲ್ವಾ? ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪೊರೆಯಾಗುತ್ತದೆ. ಒಮ್ಮೆ ಪೊರೆಯಾದರೆ ನೀರಿಗೆ ಕರಗದು. ಈ ಗುಣ ಅಗಸಿ ಎಣ್ಣೆಗೆ ಜಾಸ್ತಿ, ಕುಸುಬಿಗೆ ಅದಕ್ಕಿಂತ ಕಡಿಮೆ, ಶೇಂಗಾ ಎಣ್ಣೆಗೆ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಹಳೆಯ ಕಾಲದಿಂದ ಅಚ್ಚಿನ ಇಂಕನ್ನು ಕಾಯಿಸಿದ ಅಗಸಿ ಎಣ್ಣೆಯಲ್ಲಿ ಅರೆದು ಮಾಡುತ್ತ ಬಂದಿದ್ದಾರೆ. ನಾವು ರೊಟ್ಟಿ ಜೊತೆ ತಿನ್ನುವ ಅದೇ ಅಗಸಿ. ಇದನ್ನು ತಿಳಿದ ದಿನ ನನಗೆ ತುಂಬಾ ಖುಷಿಯಾಯಿತು.

ಆದರೆ ಎಣ್ಣೆ ಇಂಕು ಎಲ್ಲವೂ ಹೀಗೇ ಎಂದು ತಿಳಿಯಬೇಡಿ. ಪೇಪರು ಓದಿದ ಮೇಲೆ ಬೆರಳು ಕಪ್ಪಾಗುತ್ತದಲ್ಲ, ಅದೂ ಎಣ್ಣೆಯ ಇಂಕೇ. ಅದು ಪೊರೆ ಕಟ್ಟುವುದಿಲ್ಲ. ಅದರ ಎಣ್ಣೆಯನ್ನು ಕಾಗದ ಹೀರಿಕೊಳ್ಳುತ್ತದೆ, ಪುಡಿ ಮೇಲೆ ಉಳಿಯುತ್ತದೆ, ಅಷ್ಟೇ.

ಈಗ ಎಲ್ಲಿ ಏನು ಸಿಗುತ್ತದೆ ಎಂಬ ಮಾತು. ಕೊಪ್ಪಳದಲ್ಲಿ ನಾನು ಕೇಳಿದ ಸ್ಟೇಷನರಿ ಅಂಗಡಿಗಳಲ್ಲಿ ಲಿನೋ ಇಂಕು ಇರಲಿಲ್ಲ. ಆನ್‌ಲೈನ್‌ನಲ್ಲಿ ತರಿಸುವ ಮೊದಲು ಪ್ರೆಸ್ಸಿಗೆ ಹೋದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ ಹಾಕಿಕೊಡುವ ಪ್ರೆಸ್ಸು. ಅಲ್ಲಿನ ಹಿರಿಯರು ಕಾಲಿನಿಂದ ತುಳಿದು ಅಚ್ಚು ಹಾಕುವ ಟ್ರೆಡಲ್ ಮಷಿನ್ ಕಾಲದಿಂದ ಕೆಲಸ ಮಾಡಿದವರು. "ಕಾಕಾರ, ಕೈಲೆ ಅಚ್ಚು ಹಾಕಾಕ ಒಂಚೂರು ಕರಿ ಇಂಕು ಬೇಕಾಗಿತ್ರಿ" ಅಂದೆ. ಅವರು ಒಂದು ಡಬ್ಬಿಯ ಮೇಲೆ ಕಟ್ಟಿದ್ದ ಕೆನೆ ಸರಿಸಿ, ತಗಡಿನ ಪಟ್ಟಿಯಿಂದ ಸ್ವಲ್ಪ ಎತ್ತಿ ತೋರಿಸಿದರು. "ನೋಡವ್ವ, ಇದು ಅರಿವಿಗೆ ಹತ್ತಿದ್ರ ಹೋಗಾಂಗಿಲ್ಲ. ಹಳೇ ಸೀರಿ ಉಟ್ಕೊಂಡು ಕುಂದ್ರು" ಅಂದರು. ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಕೊಟ್ಟರು, ದುಡ್ಡು ಬೇಡ ಅಂದರು.

ನಮ್ಮ ದೇಶದಲ್ಲಿ ಮರದಚ್ಚು, ಲಿನೋ ಕಲಿಯುವ ಎಷ್ಟೋ ವಿದ್ಯಾರ್ಥಿಗಳು ಬಳಸುವುದು ಪ್ರೆಸ್ಸಿನ ಇದೇ ಇಂಕನ್ನು. ಇದಕ್ಕೆ ಆಫ್‌ಸೆಟ್ ಇಂಕು ಅನ್ನುತ್ತಾರೆ. ಅಗ್ಗ, ದಟ್ಟ ಕಪ್ಪು, ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಕೇಳುವಾಗ ಒಂದು ವಿಷಯ ಮರೆಯಬೇಡಿ. ಮಷಿನ್ ಮೇಲೆ ರಾತ್ರಿಯಿಡೀ ಬಿಟ್ಟರೂ ಕೆನೆ ಕಟ್ಟದ ಇಂಕು ಅಂತ ಒಂದು ಬಗೆ ಇದೆ. ಬೇಗ ಒಣಗದಿರಲಿ ಎಂದೇ ಅದನ್ನು ಮಾಡಿರುತ್ತಾರೆ. ನಮಗೆ ಬೇಡ. ಡಬ್ಬಿಯಲ್ಲಿ ಕೆನೆ ಕಟ್ಟುವ ಇಂಕೇ ಬೇಕು. ಕೆನೆ ಕಟ್ಟುತ್ತದೆ ಎಂದರೆ ಕಾಗದದ ಮೇಲೂ ಪೊರೆ ಕಟ್ಟುತ್ತದೆ.

ಇದರ ಕಷ್ಟ ಇರುವುದು ತೊಳೆಯುವಾಗ. ಪ್ರೆಸ್ಸಿನಲ್ಲಿ ಸೀಮೆಎಣ್ಣೆ ಬಳಸುತ್ತಾರೆ. ಮನೆಯಲ್ಲಿ ಆ ವಾಸನೆ ನನಗೆ ಆಗುವುದಿಲ್ಲ. ಶೇಂಗಾ ಎಣ್ಣೆ ಸಾಕು. ಮೊದಲು ಅಚ್ಚಿಗೆ ಇಂಕು ಹಚ್ಚುವ ರೋಲರನ್ನು ಹಳೆ ಪೇಪರ್ ಮೇಲೆ ಉರುಳಿಸಿ ಆದಷ್ಟು ಇಂಕು ತೆಗೆಯಿರಿ. ನಾಲ್ಕು ಹನಿ ಶೇಂಗಾ ಎಣ್ಣೆ ಹಾಕಿ ಚಿಂದಿಯಿಂದ ಒರೆಸಿ. ಆಮೇಲೆ ಪಾತ್ರೆ ತೊಳೆಯುವ ಸೋಪು. ಎಣ್ಣೆಯ ಅಂಶ ಉಳಿದರೆ ಮುಂದಿನ ಸಲದ ಇಂಕು ಒಣಗುವುದಿಲ್ಲ, ಹಾಗಾಗಿ ಸೋಪು ಬಿಡಬೇಡಿ.

ಇಷ್ಟು ಕಷ್ಟ ಬೇಡ ಅನ್ನುವವರಿಗೆ ವೇಲ್ಸ್‌ನ ಕ್ರ್ಯಾನ್‌ಫೀಲ್ಡ್ ಕಂಪನಿಯ ಕ್ಯಾಲಿಗೊ ಸೇಫ್ ವಾಶ್ ಇದೆ. ಅದು ಎಣ್ಣೆಯ ಇಂಕೇ. ಹಸಿ ಇರುವಾಗ ಸೋಪು ನೀರಿಗೆ ಬಿಡುತ್ತದೆ, ಪೂರ್ತಿ ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ. ಬೆಲೆ ಜಾಸ್ತಿ. ನಾನು ಒಂದೇ ಕಪ್ಪು ಟ್ಯೂಬ್ ತರಿಸಿದ್ದೇನೆ, ಸಣ್ಣ ಗೆರೆಯ ಅಚ್ಚಿಗೆ ಮಾತ್ರ ತೆಗೆಯುತ್ತೇನೆ. ಸ್ಪೀಡ್‌ಬಾಲ್ ಕಂಪನಿಯ ಬಟ್ಟೆ ಅಚ್ಚಿನ ಇಂಕೂ ಹೀಗೇ ಎಣ್ಣೆಯದು, ಕೈ ತೊಳೆಯಲು ಸೋಪು ನೀರು ಸಾಕು. ಅದೇ ಕಂಪನಿಯ ಮಾಮೂಲಿ ನೀರಿನ ಲಿನೋ ಇಂಕು ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಮಕ್ಕಳಿಗೆ ಕಲಿಸಲು ಅದು ಒಳ್ಳೆಯದೇ. ವಾಟರ್ ಕಲರಿಗೆ ಮಾತ್ರ ಬೇಡ. ಎರಡೂ ಒಂದೇ ಹೆಸರಿನಲ್ಲಿ ಬರುತ್ತವೆ, ನೋಡಿ ತರಿಸಿ. ಅಕುವಾ ಎಂಬ ಸೋಯಾ ಎಣ್ಣೆಯ ಇಂಕು ಕೂಡ ಇದೆ. ಅದು ಕಾಗದ ಹೀರಿಕೊಂಡರೆ ಮಾತ್ರ ಒಣಗುತ್ತದೆ. ಗಾಜಿನ ಮೇಲೆ ಬಿಟ್ಟರೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ನುಣುಪು ಕಾಗದಕ್ಕೆ ಅದನ್ನು ಹಾಕಬೇಡಿ.

ಡಬ್ಬಿಯ ಮೇಲಿನ ಮಾತುಗಳನ್ನು ಬಿಡಿಸಿ ಓದಬೇಕು. ವಾಟರ್ ಬೇಸ್ಡ್ ಎಂದರೆ ಒಳಗೆ ನೀರು ಇದೆ ಎಂದಷ್ಟೇ ಅರ್ಥ. ಒಣಗಿದ ಮೇಲೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಅಕ್ರಿಲಿಕ್ ಕೂಡ ವಾಟರ್ ಬೇಸ್ಡ್, ಆದರೆ ಒಣಗಿದರೆ ಪ್ಲಾಸ್ಟಿಕ್ಕಿನ ಪೊರೆ. ವಾಟರ್ ವಾಶಬಲ್ ಎಂದರೆ ಹಸಿ ಇರುವಾಗ ನೀರಿನಲ್ಲಿ ತೊಳೆಯಬಹುದು. ಪಿಗ್ಮೆಂಟ್ ಇಂಕು ಎಂದಿದ್ದರೆ ಬಿಸಿಲಿಗೆ ಬಣ್ಣ ಸುಲಭಕ್ಕೆ ಮಾಸದು ಎಂಬ ಭರವಸೆ, ನೀರಿಗೆ ಬಿಡದು ಎಂಬ ಭರವಸೆ ಅಲ್ಲ.

ಅಕ್ರಿಲಿಕ್ ಬಣ್ಣ ಮಾತ್ರ ಎಲ್ಲ ಊರಲ್ಲೂ ಸಿಗುತ್ತದೆ. ಫೆವಿಕ್ರಿಲ್, ಕ್ಯಾಮೆಲ್ ಯಾವುದಾದರೂ ಸರಿ. ಒಣಗಿದ ಮೇಲೆ ಅದರ ಮೇಲೆ ಧೈರ್ಯವಾಗಿ ವಾಟರ್ ಕಲರ್ ಹಾಕಬಹುದು. ಕಷ್ಟ ಏನೆಂದರೆ ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ರೋಲರಿನ ಮೇಲೇ ಒಣಗಿಬಿಡುತ್ತದೆ. ಅಚ್ಚಿನ ಸಣ್ಣ ಗೆರೆಗಳಲ್ಲಿ ಕೂತರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ನಾನು ಬೆಳಿಗ್ಗೆ ಆರಕ್ಕೆ ಫ್ಯಾನ್ ಆರಿಸಿ ಕೂರುತ್ತೇನೆ. ಒಂದು ಚಮಚ ಬಣ್ಣಕ್ಕೆ ಮೂರು ನಾಲ್ಕು ಹನಿ ಗ್ಲಿಸರಿನ್ ಬೆರೆಸುತ್ತೇನೆ, ಮೆಡಿಕಲ್ ಶಾಪಿನಲ್ಲಿ ಸಿಗುವುದೇ. ಅದಕ್ಕಿಂತ ಜಾಸ್ತಿ ಹಾಕಿದರೆ ಅಂಟಂಟಾಗಿ ಉಳಿಯುತ್ತದೆ. ರೋಲರ್ ಬದಲು ಸ್ಪಂಜಿನ ತುಂಡಿನಿಂದ ತಟ್ಟಿ ಹಚ್ಚಿ. ಐದಾರು ಅಚ್ಚು ಹಾಕಿದ ಮೇಲೆ ಒಮ್ಮೆ ತೊಳೆಯಿರಿ. ದೊಡ್ಡ ದೊಡ್ಡ ಆಕಾರಕ್ಕೆ ಇದು ಸರಿ. ಕೂದಲೆಳೆಯ ಗೆರೆಗೆ ಎಣ್ಣೆ ಇಂಕೇ ಬೇಕು.

ಬಟ್ಟೆ ಚೀಲಕ್ಕೂ ಅಕ್ರಿಲಿಕ್ ಫ್ಯಾಬ್ರಿಕ್ ಕಲರ್ ಆಗುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಮೊದಲು ತೊಳೆಯಬೇಕು. ಅಚ್ಚು ಹಾಕಿ ಬಾಟಲಿಯ ಮೇಲೆ ಹೇಳಿದಷ್ಟು ದಿನ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಬೇಕು. ಬಿಸಿ ತಾಗಿದರೆ ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಇನ್ನು ಸ್ಟಾಂಪ್ ಪ್ಯಾಡ್. ಚಿಕ್ಕ ಮುದ್ರೆಗೆ ರೋಲರ್, ಇಂಕು ಹರಡುವ ಗಾಜು ಎಲ್ಲ ಹರಡಿಕೊಂಡು ಕೂರುವುದು ಬೇಡ, ಪ್ಯಾಡೇ ಹಿತ. ಅಂಗೈ ಅಗಲದ ಲಿನೋ ತನಕ ಪ್ಯಾಡನ್ನು ತಲೆಕೆಳಗು ಮಾಡಿ ಅಚ್ಚಿನ ಮೇಲೆ ತಟ್ಟಿಯೂ ಇಂಕು ಹಚ್ಚಬಹುದು. ಇಲ್ಲಿ ನಾಲ್ಕು ಹೆಸರು ಗೊತ್ತಿದ್ದರೆ ಸಾಕು. ರೇಂಜರ್ ಕಂಪನಿಯ ಆರ್ಕೈವಲ್ ಪ್ಯಾಡ್ ಕಾಗದದ ಮೇಲೆ ಬೇಗ ಒಣಗುತ್ತದೆ, ವಾಟರ್ ಕಲರಿಗೆ ತಡೆಯುತ್ತದೆ. ಅಕ್ಕನ ಚೀಟಿಗೆ ಈಗ ಇದೇ. ವರ್ಸಾಫೈನ್ ಎಣ್ಣೆ ಕಲಸಿದ ಪಿಗ್ಮೆಂಟ್ ಇಂಕು. ಗೆರೆ ಬಹಳ ಚೂಪಾಗಿ ಮೂಡುತ್ತದೆ, ಒಣಗಲು ಮಾತ್ರ ತಾಳ್ಮೆ ಬೇಕು. ಅವಸರ ಇದ್ದರೆ ಮೇಲೆ ಒಂದು ಕಾಗದ ಹಾಕಿ, ಹಬೆ ಇಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಸ್ವಲ್ಪ ಎತ್ತರದಲ್ಲಿ ಹಿಡಿಯಿರಿ. ಸ್ಟೇಜ್‌ಆನ್ ಪ್ಯಾಡ್ ಗಾಜು, ತಗಡು, ಪ್ಲಾಸ್ಟಿಕ್ ಮೇಲೂ ಹಿಡಿಯುತ್ತದೆ. ವಾಸನೆ ಗಾಢ, ಕಿಟಕಿ ತೆರೆದಿಡಿ, ಮುಚ್ಚಳ ಕೂಡಲೇ ಹಾಕಿ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಕೆತ್ತಿದ ಮುದ್ರೆಗೆ ನಾನು ಇದನ್ನು ತಾಗಿಸುವುದಿಲ್ಲ. ಅದರ ದ್ರಾವಕ ಆ ರಬ್ಬರನ್ನು ಮೆತ್ತಗೆ ಮಾಡುವ ಭಯ. ಮೆಮೆಂಟೊ ಎಂಬುದು ಡೈ ಇಂಕು. ಸ್ಪಿರಿಟ್ ಮಾರ್ಕರಿಗೆ ತಡೆಯುತ್ತದೆ, ವಾಟರ್ ಕಲರಿಗೆ ಬಣ್ಣ ಬಿಡುತ್ತದೆ. ಒತ್ತಿದರೆ ತಾನೇ ಇಂಕು ಹಚ್ಚಿಕೊಳ್ಳುವ ಆಫೀಸ್ ಮುದ್ರೆಯೊಳಗೆ ಇವುಗಳಲ್ಲಿ ಯಾವುದನ್ನೂ ಸುರಿಯಬೇಡಿ, ಪ್ಯಾಡ್ ಕಟ್ಟಿಕೊಳ್ಳುತ್ತದೆ.

ಓಟಿನ ಇಂಕು ಹಾಕಿದರೆ ಆಗುವುದಿಲ್ಲವಾ ಎಂದು ತುಂಬಾ ಜನ ಕೇಳುತ್ತಾರೆ. ಮೈಸೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ ಮಾಡುವ ಆ ಇಂಕು 1962ರ ಲೋಕಸಭೆ ಚುನಾವಣೆಯಿಂದ ನಮ್ಮ ಬೆರಳಿಗೆ ಬಂದಿದೆ. ಅದು ನಿಲ್ಲುವುದು ಅಂಟಿನಿಂದ ಅಲ್ಲ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆ ಸೇರಿ, ಬೆಳಕು ತಾಗಿ ಕಪ್ಪಾಗುತ್ತದೆ. ಅದನ್ನು ಮಾಡಿರುವುದು ಚರ್ಮಕ್ಕೆ. ಅಂಗಡಿಯಲ್ಲಿ ಸಿಗುವ ಸಾಮಾನೂ ಅಲ್ಲ.

ಏನೇ ತಂದರೂ ಒಂದು ಪರೀಕ್ಷೆ ಮಾಡದೆ ಕೆಲಸ ಶುರು ಮಾಡಬೇಡಿ. ಇದು ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ಇಂಕು ಒಂದೇ ಆದರೂ ಕಾಗದ ಬದಲಾದರೆ ಫಲ ಬದಲಾಗುತ್ತದೆ. ನೀವು ಯಾವ ಕಾಗದದ ಮೇಲೆ ಕೆಲಸ ಮಾಡುತ್ತೀರೋ ಅದೇ ಕಾಗದದಿಂದ ಎರಡು ಬೆರಳು ಅಗಲದ ನಾಲ್ಕು ಪಟ್ಟಿ ಕತ್ತರಿಸಿ. ನಾಲ್ಕರ ಮೇಲೂ ಒಂದೇ ಸಲಕ್ಕೆ ಅಚ್ಚು ಹಾಕಿ. ದಪ್ಪ ಕಪ್ಪು ಇರುವ ಜಾಗವೂ ಬರಲಿ, ಸಣ್ಣ ಗೆರೆಯೂ ಬರಲಿ. ಹಿಂದೆ ಪೆನ್ಸಿಲಿನಲ್ಲಿ ಇಂಕಿನ ಹೆಸರು, ತಾರೀಖು, ಹೊತ್ತು ಬರೆಯಿರಿ. ಪೆನ್ನಿನಲ್ಲಿ ಬರೆದರೆ ಅದೇ ಹರಡಿ ಗೊಂದಲ ಮಾಡುತ್ತದೆ.

ಮೊದಲ ಪಟ್ಟಿಯನ್ನು ಒಂದು ಗಂಟೆಗೆ, ಎರಡನೆಯದನ್ನು ಒಂದು ದಿನಕ್ಕೆ, ಮೂರನೆಯದನ್ನು ಮೂರು ದಿನಕ್ಕೆ, ಕೊನೆಯದನ್ನು ಏಳು ದಿನಕ್ಕೆ ನೋಡಿ. ಪ್ರತಿ ಸಲವೂ ಮೂರು ಕೆಲಸ. ಶುದ್ಧ ನೀರಿನ ಕುಂಚವನ್ನು ಕಪ್ಪಿನಿಂದ ಬಿಳಿಯ ಕಡೆಗೆ ಹತ್ತು ಸಲ ಎಳೆಯಿರಿ. ಬಿಳಿ ಜಾಗ ಬೂದು ಆಗುತ್ತದೆಯಾ ನೋಡಿ. ಇನ್ನೊಂದು ಕಡೆ ಒಂದು ಹನಿ ನೀರು ಇಟ್ಟು ಐದು ನಿಮಿಷ ಬಿಟ್ಟು, ಬಿಳಿ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಟಿಶ್ಯೂ ಬಣ್ಣ ಹೇಳುತ್ತದೆ. ಮೂರನೆಯದು ಒದ್ದೆ ಬೆರಳಿನಿಂದ ಉಜ್ಜುವುದು. ಕುಂಚಕ್ಕೆ ಹೆದರದ ಇಂಕು ಎಷ್ಟೋ ಸಲ ಬೆರಳಿಗೆ ಏಳುತ್ತದೆ. ಅದಕ್ಕೆ ಅರ್ಥ, ಮೇಲೆ ಪೊರೆ ಬಂದಿದೆ, ಒಳಗೆ ಇನ್ನೂ ಹಸಿ ಇದೆ. ಅಕ್ಕನ ಚೀಟಿಗೆ ನಾಲ್ಕನೆಯ ಪರೀಕ್ಷೆಯನ್ನೂ ಸೇರಿಸಿದೆ: ಶೇಂಗಾ ಎಣ್ಣೆಯ ಬೆರಳು. ಚಟ್ನಿಪುಡಿ ಮುಟ್ಟಿದ ಕೈಯಲ್ಲಿ ನೀರಿಗಿಂತ ಎಣ್ಣೆಯೇ ಜಾಸ್ತಿ. ಚೀಟಿ ಹೊರಗಿನ ಕವರಿಗೆ ಮಾತ್ರ. ತಿನ್ನುವ ಪದಾರ್ಥಕ್ಕೆ ಯಾವ ಅಚ್ಚಿನ ಇಂಕೂ ತಾಗಬಾರದು.

ಪ್ರೆಸ್ಸಿನ ಕಪ್ಪು ಇಂಕು ನನ್ನ ವಾಟರ್ ಕಲರ್ ಕಾಗದದ ಮೇಲೆ ಫೆಬ್ರವರಿಯಲ್ಲಿ ಮೂರನೇ ದಿನಕ್ಕೆ ಪರೀಕ್ಷೆ ದಾಟಿತು. ಅದೇ ಇಂಕು, ಅದೇ ಕಾಗದ, ಜುಲೈ ಮಳೆಯಲ್ಲಿ ಒಂಬತ್ತು ದಿನ ತೆಗೆದುಕೊಂಡಿತು. ಹಾಗಾಗಿ ಜನವರಿಯ ಗವಿಮಠದ ಜಾತ್ರೆಗೆ ಕಾರ್ಡು ಬೇಕೆಂದರೆ ಡಿಸೆಂಬರ್ ಮೊದಲ ವಾರವೇ ಅಚ್ಚು ಮುಗಿಸುತ್ತೇನೆ.

ಒಣಗುವುದು ತಡವಾದರೆ ನೂರಕ್ಕೆ ತೊಂಬತ್ತು ಸಲ ಕಾರಣ ದಪ್ಪ ಇಂಕು. ಗಾಜಿನ ಮೇಲೆ ರೋಲರ್ ಉರುಳಿಸುವಾಗ ಸದ್ದು ಕೇಳಿ. ಪಚ ಪಚ ಅಂದರೆ ಇಂಕು ಜಾಸ್ತಿ ಇದೆ. ಸಣ್ಣಗೆ ಸರ್ ಎಂದು, ಒಗ್ಗರಣೆ ಇಳಿಯುವಾಗಿನ ಸದ್ದು ಬಂದರೆ ಸರಿ. ತೆಳುವಾಗಿ ಎರಡು ಸಲ ಹಚ್ಚುವುದು ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಿ ಇಂಕು ತೀರಾ ಸಡಿಲವಾಗಿ ಗೆರೆ ತುಂಬಿಕೊಳ್ಳುತ್ತದೆ. ಆಗ ಮೆಗ್ನೀಷಿಯಮ್ ಕಾರ್ಬೊನೇಟ್ ಪುಡಿ ಚಿಟಿಕೆಯಷ್ಟು ಕಲಸಿದರೆ ಬಿಗಿಯಾಗುತ್ತದೆ. ಅಚ್ಚು ಹಾಕಿದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಬೀರುವಿನಲ್ಲೂ ಇಡಬೇಡಿ. ಎಣ್ಣೆ ಪೊರೆಯಾಗಲು ಗಾಳಿ ಬೇಕು. ನಾನು ಒಳಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿಗೆ ನೇತು ಹಾಕುತ್ತೇನೆ. ಅಂಗಳದಲ್ಲಿ ಹಾಕಿದರೆ ಕೋಟೆ ಗುಡ್ಡದ ಕಡೆಯಿಂದ ಬರುವ ಧೂಳೆಲ್ಲ ಇಂಕಿಗೆ ಅಂಟುತ್ತದೆ.

ಕಾಯಲು ದಿನವೇ ಇಲ್ಲದಿದ್ದರೆ ಕ್ರಮ ತಿರುಗಿಸಿ. ಮೊದಲು ಅಚ್ಚನ್ನು ಪೆನ್ಸಿಲ್ ಗುರುತಿಗೆ ಕೂರಿಸಿ ಜಾಗ ಗೊತ್ತು ಮಾಡಿಕೊಂಡು, ವಾಟರ್ ಕಲರ್ ಹಾಕಿ ಒಣಗಿಸಿ. ಕಪ್ಪು ಗೆರೆಯನ್ನು ಕೊನೆಗೆ ಒತ್ತಿ. ಬಣ್ಣ ಗೆರೆಯಿಂದ ಸ್ವಲ್ಪ ಆಚೆ ಈಚೆ ಹೋದರೂ ಚೆನ್ನಾಗಿಯೇ ಕಾಣುತ್ತದೆ. ಉಳಿದ 27 ದಾಳಿಂಬೆ ಕಾರ್ಡಿನ ಮೇಲೆ ಕುಂಚ ಆಡಿಸದೆ ಕಪ್ಪು ಬಿಳುಪಲ್ಲೇ ಬಿಟ್ಟೆ. ಹೊಸದಾಗಿ ಬಣ್ಣ ಮೊದಲು ಹಾಕಿ ಒತ್ತಿದ 20 ಮಾಡಿದೆ. ಅದೇ ನೀರಿನ ಇಂಕಿನಲ್ಲಿ, ಒಂದೂ ಹಾಳಾಗದೆ.

ಕೊನೆಗೆ ಚಿಂದಿಯ ವಿಷಯ. ಅಗಸಿ ಎಣ್ಣೆಯ ಇಂಕು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಪೊರೆಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ನಮ್ಮ ಬೇಸಿಗೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ನೀರಿನ ಬಕೆಟ್ಟಿನಲ್ಲಿ ಅದ್ದಿಡಿ, ಇಲ್ಲವೇ ಹೊರಗೆ ಕಲ್ಲಿನ ಮೇಲೆ ಒಂದೊಂದಾಗಿ ಹರವಿ ಗಟ್ಟಿಯಾಗುವ ತನಕ ಒಣಗಿಸಿ. ಡಬ್ಬಿಯಲ್ಲಿ ಉಳಿದ ಇಂಕಿನ ಮೇಲೆ ಮೇಣದ ಕಾಗದವನ್ನು ದುಂಡಗೆ ಕತ್ತರಿಸಿ, ಗಾಳಿ ಉಳಿಯದಂತೆ ಒತ್ತಿ, ಮುಚ್ಚಳ ಬಿಗಿ ಮಾಡಿ. ಪ್ರೆಸ್ಸಿನ ಕಾಕಾ ಕೊಟ್ಟ ಮೊದಲ ಡಬ್ಬಿ ಹೀಗೇ ಇಟ್ಟು ಒಂದೂವರೆ ವರ್ಷ ಬಂತು.